ಬಾಕಿ ಎರಡು ಬಂಡಲ್ ಎ4: ಲೆಬನಾನ್‌ನಲ್ಲಿ ಒಬ್ಬ ಫೌಜಿ ಕ್ಲರ್ಕ್‌ನ ಒಂದು ವರ್ಷ

ಫೌಜಿನಿಂದ ನನ್ನ ಡಿಸ್ಚಾರ್ಜ್ ಕೆಲಸ ಹೋದ ತಿಂಗಳು ಪೂರ್ತಿ ಮುಗೀತು. ಇಷ್ಟು ವರ್ಷ ಬೇರೆಯವರ ಕಾಗದ ಮಾಡ್ಕೊಂಡು ಬಂದವನು ಕೊನೆಗೆ ನನ್ನ ಕಾಗದ ನಾನೇ ಹಿಡ್ಕೊಂಡು ಓಡಾಡಿದೆ, ಅದರಲ್ಲಿ ಫಾರಿನ್ ಸರ್ವೀಸ್ ಎಂಟ್ರಿ ಒಂದಕ್ಕೇ ನಾಲ್ಕು ತಿಂಗಳು ಹಿಡೀತು. ಕಾರಣ ಏನಂದ್ರೆ ಒಂದು ಕಾಗದದಲ್ಲಿ ದಿಲ್ಲಿ ಬಿಟ್ಟ ದಿನ ಬರೆದಿದೆ, ಇನ್ನೊಂದರಲ್ಲಿ ಬೈರೂತ್‌ನಲ್ಲಿ ಇಳಿದ ದಿನ ಬರೆದಿದೆ, ವಿಮಾನ ರಾತ್ರಿ ಹೊರಟಿದ್ದರಿಂದ ಎರಡಕ್ಕೂ ಒಂದು ದಿನದ ವ್ಯತ್ಯಾಸ. ಆ ಒಂದು ದಿನಕ್ಕೆ ನಾಲ್ಕು ತಿಂಗಳು.

ಇದು ಮುಗಿದ ವಾರಾನೇ ನನ್ನ ಹಳೇ ಯುನಿಟ್‌ನ ಒಬ್ಬ ಸಣ್ಣ ಕ್ಲರ್ಕ್ ಫೋನ್ ಮಾಡಿದ. ದಕ್ಷಿಣ ಸುಡಾನ್‌ನ ಯುಎನ್ ಮಿಷನ್‌ಗೆ ಹೆಸರು ಬಂದಿದೆ ಸಾರ್, ಏನೇನು ರೆಡಿ ಮಾಡ್ಕೋಬೇಕು ಅಂತ. ನಾನು ಹೇಳ್ತಾ ಹೋದೆ, ಅವನು ನಗ್ತಾ ಹೋದ, ಎರಡು ಗಂಟೆ ಆಯ್ತು. ಇಟ್ಟ ಮೇಲೆ ಅನ್ನಿಸ್ತು, ಇದನ್ನ ಬರೆದೇ ಇಡೋಣ, ಇನ್ನೂ ನಾಲ್ಕು ಜನ ಬಾಬುಗಳಿಗೆ ಉಪಯೋಗ ಆಗತ್ತೆ ಅಂತ.

ನಾನು ಹೋಗಿದ್ದು ಯುನಿಫಿಲ್‌ಗೆ, ಅಂದ್ರೆ ಲೆಬನಾನ್‌ನ ದಕ್ಷಿಣದಲ್ಲಿರೋ ಯುಎನ್ ಶಾಂತಿಪಡೆಗೆ. 1978ರ ಮಾರ್ಚ್‌ನಲ್ಲಿ ಶುರುವಾದ ಮಿಷನ್ ಅದು, ನಮ್ಮ ಭಾರತೀಯ ಬೆಟಾಲಿಯನ್ 1998ರಿಂದ ಅಲ್ಲಿದೆ. ಈಗ 2026ರ ಡಿಸೆಂಬರ್ 31ಕ್ಕೆ ಮಿಷನ್ ಮುಗಿಸಬೇಕು ಅಂತ ಭದ್ರತಾ ಮಂಡಳಿ ತೀರ್ಮಾನ ಮಾಡಿಬಿಟ್ಟಿದೆ. ಹಾಗಾಗಿ ಲೆಬನಾನ್‌ಗೇ ಹೋಗೋರು ಇನ್ನು ಕಮ್ಮಿ, ಆದ್ರೆ ಕಾಗದದ ಕಷ್ಟ ಎಲ್ಲಾ ಮಿಷನ್‌ನಲ್ಲೂ ಒಂದೇ.

ಮೊದಲ ಕಷ್ಟ ಹೆಸರಿಂದಾನೇ ಶುರು. ಯುಎನ್ ಫಾರಂನಲ್ಲಿ ಎರಡು ಖಾನೆ ಇರತ್ತೆ, ಕೊಟ್ಟ ಹೆಸರು ಒಂದು, ಕೊನೇ ಹೆಸರು ಒಂದು, ಎರಡೂ ತುಂಬಲೇಬೇಕು. ನಮ್ಮ ಹುಡುಗರಲ್ಲಿ ಅರ್ಧ ಜನಕ್ಕೆ ಕೊನೇ ಹೆಸರೇ ಇಲ್ಲ. ಶೀಟ್ ರೋಲ್‌ನಲ್ಲಿ, ಅಂದ್ರೆ ಸೈನಿಕನ ಸರ್ವೀಸ್ ದಾಖಲೆಯಲ್ಲಿ, ಒಂದೇ ಪದ, ಇಲ್ಲಾಂದ್ರೆ ಮುಂದೆ ಎರಡು ಇನಿಷಿಯಲ್. ವಿಜಯಪುರದ ಕಡೆಯ ಒಬ್ಬ ಹುಡುಗ ನಮ್ಮ ಆಫೀಸಲ್ಲೇ ರನ್ನರ್, ಅಂದ್ರೆ ಕಾಗದ ಮುಟ್ಟಿಸೋನು, ಆಗಿದ್ದ, ಅವನನ್ನ ಕೂರಿಸಿ ನಿನ್ನ ಕೊನೇ ಹೆಸರು ಏನಪ್ಪಾ ಅಂದ್ರೆ ಅವನು ನನ್ನನ್ನೇ ಕೇಳ್ತಾನೆ, "ಸರ, ಊರಿನ ಹೆಸರು ಬರೀಲೋ, ಮನೆತನದ್ದು ಬರೀಲೋ, ಅಪ್ಪಂದು ಬರೀಲೋ?" ಮೂರೂ ಸರಿ, ಮೂರೂ ಅವನದೇ. ಕೊನೆಗೆ ಅಪ್ಪನ ಹೆಸರು ಹಾಕಿದ್ವಿ. ಅಲ್ಲಿಂದ ಮುಂದೆ ಒಂದು ವರ್ಷ ಪೂರ್ತಿ ಬೇರೆ ದೇಶದ ಸೈನಿಕರೆಲ್ಲಾ ಅವನನ್ನ ಅವರಪ್ಪನ ಹೆಸರಲ್ಲೇ ಕರೆದ್ರು, ಯಾಕಂದ್ರೆ ಐಡಿ ಕಾರ್ಡ್‌ನಲ್ಲಿ ದೊಡ್ಡದಾಗಿ ಕಾಣೋದು ಅದೇ. ಅವರಪ್ಪ ರಿಟೈರ್ಡ್ ಬಸ್ ಕಂಡಕ್ಟರ್. "ಯಾರಾದ್ರೂ ಕರೆದ್ರೆ ನಮ್ಮಪ್ಪನೇ ಹಿಂದೆ ನಿಂತಾರೇನೋ ಅನ್ಸತ್ತ್ರೀ ಸರ, ಕೆಲಸ ತಪ್ಪಿಸ್ಕೊಳ್ಳಾಕ ಆಗಂಗಿಲ್ಲ" ಅಂತಿದ್ದ.

ಇಲ್ಲಿ ಒಂದು ಮಾತು ಹೇಳ್ಬೇಕು. ಯುಎನ್‌ನವರ ಪಟ್ಟಿ ಕೊನೇ ಹೆಸರಿನ ಅಕ್ಷರದ ಪ್ರಕಾರ ಬರತ್ತೆ, ನಮ್ಮ ಹೆಸರಿನ ಪಟ್ಟಿ, ನಾಮಿನಲ್ ರೋಲ್ ಅಂತಾರೆ, ಅದು ರ‍್ಯಾಂಕ್ ಪ್ರಕಾರ ಇರತ್ತೆ, ಎರಡನ್ನ ಪಕ್ಕ ಪಕ್ಕ ಇಟ್ರೆ ಯಾವ ಸಾಲೂ ಯಾವ ಸಾಲಿಗೂ ಕೂಡಲ್ಲ. ಎರಡರಲ್ಲೂ ಆರ್ಮಿ ನಂಬರ್ ಕಾಲಂ ಇಟ್ಕೊಳ್ಳಿ, ಎಕ್ಸೆಲ್‌ನಲ್ಲಿ ಆ ನಂಬರ್ ಮೇಲೆ ಸಾರ್ಟ್ ಮಾಡಿ. ನಾವಿದನ್ನ ಕಲಿಯೋಷ್ಟರಲ್ಲಿ ಮೂರು ರಾತ್ರಿ ನಿದ್ದೆ ಹೋಗಿತ್ತು. ಹೆಸರಿನ ಸ್ಪೆಲಿಂಗ್ ಮಾತ್ರ ಶೀಟ್ ರೋಲ್‌ನಲ್ಲಿ ಹೇಗಿದೆಯೋ ಹಾಗೇ ಇರಲಿ. ಒಂದು "ಹೆಚ್" ಜಾಸ್ತಿಯಾದ್ರೂ ವಾಪಸ್ ಬಂದ ಮೇಲೆ ಪಾರ್ಟ್ ಟೂ ಆರ್ಡರ್, ಅಂದ್ರೆ ಸರ್ವೀಸ್ ದಾಖಲೆಗೆ ಎಂಟ್ರಿ ಹಾಕೋ ಆದೇಶ, ಪಬ್ಲಿಷ್ ಆಗುವಾಗ ಅದು ಎದ್ದು ನಿಲ್ಲತ್ತೆ.

ದಿಲ್ಲಿಯಲ್ಲಿ ಹೊರಡೋಕೆ ಮುಂಚೆ ಮೆಡಿಕಲ್, ಲಸಿಕೆ, ಕ್ಲಾಸು, ಪರೇಡು ಎಲ್ಲಾ ಆಯ್ತು, ಅದನ್ನ ಎಲ್ಲರೂ ಹೇಳ್ತಾರೆ. ನಾನು ಹೇಳೋದು ಮನೆ ಕಾಗದದ ಬಗ್ಗೆ. ಕಿಂಡ್ರೆಡ್ ರೋಲ್, ಅಂದ್ರೆ ಮನೆಯವರ ವಿವರದ ಪಟ್ಟಿ, ತೆಗೆದು ನೋಡಿ, ಆರ್ಮಿ ಗ್ರೂಪ್ ಇನ್ಶೂರೆನ್ಸ್ ನಾಮಿನೇಷನ್ ನೋಡಿ. ನಮ್ಮಲ್ಲಿ ಮದುವೆ ಆಗಿ ಮೂರು ಮೂರು ವರ್ಷ ಆದವರ ನಾಮಿನಿ ಇನ್ನೂ ಅಮ್ಮನೇ ಇದ್ರು, ಒಬ್ಬನದಂತೂ ತೀರಿಕೊಂಡ ಅಜ್ಜಿ ಹೆಸರಲ್ಲಿತ್ತು. ಅವನನ್ನ ಕರೆದು ಹೇಳಿದಾಗ ಅವನಿಗೆ ಕಣ್ಣಲ್ಲಿ ನೀರು ಬಂತು, ಅಜ್ಜಿನೇ ಅವನನ್ನ ಸಾಕಿದ್ದು. ಆ ಕಾಲಂ ಬದಲಾಯಿಸೋಕೆ ಒಂದು ದಿನ ಟೈಮ್ ಕೇಳಿದ, ಕೊಟ್ವಿ. ಇಂಥವೂ ಕ್ಲರ್ಕ್ ಟೇಬಲ್ ಮೇಲೇ ಬರ್ತವೆ.

ಬೈರೂತ್‌ನಲ್ಲಿ ಇಳಿದು ರಸ್ತೆಯಲ್ಲಿ ದಕ್ಷಿಣಕ್ಕೆ ಹೋದ್ವಿ. ಸೈದಾ ದಾಟಿ, ಲಿತಾನಿ ಹೊಳೆ ದಾಟಿ, ಬೆಟ್ಟ ಹತ್ತಿ ಎಬೆಲ್ ಎಸ್ ಸಾಕಿ ಅನ್ನೋ ಊರು. ಎದುರಿಗೆ ಹೆರ್ಮೋನ್ ಪರ್ವತ, ಅಲ್ಲಿನವರು ಜಬಲ್ ಅಲ್ ಶೇಖ್ ಅಂತಾರೆ, 2,814 ಮೀಟರ್ ಎತ್ತರ, ತಲೆ ಮೇಲೆ ಹಿಮ. ಸುತ್ತ ಆಲಿವ್ ಮರ. ನಮ್ಮ ಆಫೀಸು ಒಂದು ಪ್ರಿಫ್ಯಾಬ್ ಡಬ್ಬಿ. ಟೇಬಲ್ ಮೇಲೆ ಹಿಂದಿನ ಬೆಟಾಲಿಯನ್‌ನ ಕ್ಲರ್ಕ್ ಒಂದು ಚೀಟಿ ಅಂಟಿಸಿ ಹೋಗಿದ್ದ, "ಪ್ರಿಂಟರ್‌ನ ಎಡಗಡೆ ಒಂದು ಏಟು ಹೊಡೆದ್ರೆ ನಡೆಯತ್ತೆ" ಅಂತ. ನಡೀತಿತ್ತು, ವರ್ಷ ಪೂರ್ತಿ ನಡೀತು.

ಮೊದಲ ತಿಂಗಳು ನಮ್ಮನ್ನ ಹಿಂಡಿದ್ದು ಸಾಮಾನಿನ ಎಣಿಕೆ. ಬೆಟಾಲಿಯನ್ ತಗೊಂಡು ಹೋಗೋ ಸಾಮಾನೆಲ್ಲಾ ಯುಎನ್ ಜೊತೆ ಒಪ್ಪಂದದಲ್ಲಿ ಬರೆದಿರತ್ತೆ, ಅದನ್ನ ಸಿಓಇ, ಅಂದ್ರೆ ಕಂಟಿಂಜೆಂಟ್ ಓನ್ಡ್ ಇಕ್ವಿಪ್‌ಮೆಂಟ್ ಅಂತಾರೆ. ಗಾಡಿ, ಜನರೇಟರ್‌ನಿಂದ ಹಿಡಿದು ಅಡುಗೆ, ಬಟ್ಟೆ ಒಗೆಯೋದು, ಹಾಸಿಗೆ, ಫರ್ನಿಚರ್, ಮನರಂಜನೆ ತನಕ ಎಲ್ಲಾ ವಿಭಾಗ. ಮೂರು ತಿಂಗಳಿಗೊಮ್ಮೆ ಯುಎನ್ ಇನ್ಸ್‌ಪೆಕ್ಷನ್ ಟೀಮ್ ಬಂದು ಇದೆಯಾ, ಕೆಲಸ ಮಾಡತ್ತಾ ಅಂತ ನೋಡ್ತಾರೆ, ಅದರ ಮೇಲೆ ನಮ್ಮ ದೇಶಕ್ಕೆ ದುಡ್ಡು ಬರತ್ತೆ. ತಮಾಷೆ ವಿಷಯ ಅಲ್ಲ. ನಮ್ಮ ಲಿಸ್ಟ್‌ನಲ್ಲಿ ಮನರಂಜನೆ ಕೆಳಗೆ ಒಂದು ಹಾರ್ಮೋನಿಯಂ ಇತ್ತು. ಬಂದ ಇನ್ಸ್‌ಪೆಕ್ಟರ್ ಯುರೋಪಿನ ಯಾವುದೋ ದೇಶದವರು, ಬಹಳ ಶಿಸ್ತಿನ ಮನುಷ್ಯ, ಅದನ್ನ ಸುತ್ತ ಮೂರು ಸಲ ನೋಡಿ, ಬೆಲ್ಲೋಸ್ ಮುಟ್ಟಿ, ಇದು ಚಾಲೂ ಇದೆಯಾ, ತೋರಿಸಿ ಅಂದ್ರು. ಬೇರೆ ದಾರಿ ಇಲ್ಲ, ನಮ್ಮ ರಿಲಿಜಿಯಸ್ ಟೀಚರ್ ಪಂಡಿತ್‌ಜಿನ ಕರೆಸಿದ್ವಿ. ಅವರು ಸ್ನಾನ ಮಾಡ್ತಿದ್ದವರು ಒದ್ದೆ ತಲೆಯಲ್ಲೇ ಬಂದು ಕೂತು ಒಂದು ಭಜನೆ ಎತ್ತಿಕೊಂಡ್ರು. ಎತ್ತಿಕೊಂಡ ಮೇಲೆ ನಡುವೆ ನಿಲ್ಲಿಸೋದು ಹೇಗೆ? ಇನ್ಸ್‌ಪೆಕ್ಷನ್‌ಗೆ ಲೈನಾಗಿ ನಿಂತಿದ್ದ ಜವಾನರು ಚಪ್ಪಾಳೆ ಹಾಕೋಕೆ ಶುರು ಮಾಡಿದ್ರು. ಆ ಸಾಹೇಬ್ರು ಪ್ಯಾಡ್ ಎದೆಗೆ ಹಿಡ್ಕೊಂಡು ಪೂರ್ತಿ ಹನ್ನೆರಡು ನಿಮಿಷ ಅಲುಗಾಡದೆ ನಿಂತು ಕೇಳಿದ್ರು, ಆಮೇಲೆ ಪೆನ್ ತೆಗೆದು ನಿಧಾನಕ್ಕೆ "ಸರ್ವೀಸಬಲ್" ಅಂತ ಬರೆದ್ರು. ಮೂರು ತಿಂಗಳ ನಂತರ ಮತ್ತೆ ಬಂದಾಗ ಜನರೇಟರ್‌ಗೆ ಮುಂಚೆ ಹಾರ್ಮೋನಿಯಂ ಎಲ್ಲಿ ಅಂತ ಅವರೇ ಕೇಳಿದ್ರು.

ಹೋಗೋರು ನೆನಪಿಡಿ, ಲಿಸ್ಟ್‌ನಲ್ಲಿ ಇರೋ ಪ್ರತಿ ಸಾಮಾನಿಗೂ ಯಾವ ರೂಮಲ್ಲಿದೆ ಅಂತ ಒಂದು ಕಾಲಂ ನೀವೇ ಸೇರಿಸ್ಕೊಳ್ಳಿ, ಫೋಟೋ ಇಟ್ಕೊಳ್ಳಿ. ಕುರ್ಚಿ ಅನ್ನೋದಕ್ಕೆ ಕಾಲಿದೆ, ಅದು ಒಂದು ಜಾಗದಲ್ಲಿ ನಿಲ್ಲಲ್ಲ.

ಇನ್ನು ಭಾಷೆ. ಅರಬ್ಬಿ ನನಗೆ ಬರಲ್ಲ, ದುಭಾಷಿಗಳು ಇದ್ರು, ಆದ್ರೆ ಅರ್ಜೆಂಟಿಗೆ ಮರ್ಜಯೂನ್ ಊರಿನ ಸ್ಟೇಷನರಿ ಅಂಗಡಿಗೆ ನಾವೇ ಹೋಗಬೇಕಾಗ್ತಿತ್ತು. ವಯಸ್ಸಾದ ಯಜಮಾನರು, ಮೂಗಿನ ತುದಿಗೆ ಕನ್ನಡಕ. ಮೊದಲ ದಿನ ನಾನು ಕೈಸನ್ನೆಯಲ್ಲಿ ನೋಟ್‌ಬುಕ್ ಬೇಕು ಅಂತ ತೋರಿಸ್ತಿದ್ದೆ, ಅವರು ತಕ್ಷಣ "ದಫ್ತರ್?" ಅಂದ್ರು. ನಾನು ಬೆಚ್ಚಿಬಿದ್ದೆ. ದಫ್ತರ ನಮ್ಮ ಮಾತಲ್ವಾ! ತಾಲೂಕಾಫೀಸಲ್ಲಿ ನಮ್ಮಜ್ಜ ಹೇಳ್ತಿದ್ದ ಮಾತು. ತಾರೀಖು ಅಂದೆ, ಅವರು ತಾರೀಖ್ ಅಂದ್ರು. ಕುರ್ಚಿ ತೋರಿಸಿದೆ, ಕುರ್ಸಿ ಅಂದ್ರು. ಹಿಸಾಬು ಹಿಸಾಬ್, ಬಾಕಿ ಬಾಕಿ, ಖಾಲಿ ಖಾಲಿ, ಜವಾಬು ಜವಾಬ್, ಸಾಬೂನು ಸಾಬೂನ್. ಒಂದು ಗಂಟೆ ಇಬ್ಬರೂ ಅಂಗಡಿಯಲ್ಲಿ ಇರೋದೆಲ್ಲಾ ಮುಟ್ಟಿ ಮುಟ್ಟಿ ಹೆಸರು ಹೇಳ್ತಾ ನಕ್ಕಿದ್ದೇ ನಕ್ಕಿದ್ದು. ಹಳೇ ಮೈಸೂರಿನ ಶಾನುಭೋಗರು ಯಾರಾದ್ರೂ ಎದ್ದು ಬಂದಿದ್ರೆ ಆ ಅಂಗಡಿಯಲ್ಲಿ ವ್ಯಾಪಾರ ಮಾಡ್ಕೊಂಡು ಹೋಗ್ತಿದ್ರು.

ಒಂದೇ ಒಂದು ಮಾತು ಕೈ ಕೊಡ್ತು, ಖಲಾಸ್. ನಮ್ಮ ಫೋಟೋಕಾಪಿ ಮಶೀನ್ ರಿಪೇರಿಗೆ ಒಬ್ಬ ಮೆಕ್ಯಾನಿಕ್ ಬಂದಿದ್ದ, ಅರ್ಧ ದಿನ ಬಿಚ್ಚಿ ಕೂರಿಸಿ, ಕೈ ಒರೆಸ್ಕೊಂಡು "ಖಲಾಸ್" ಅಂದ. ನಮ್ಮ ಕಡೆ ಖಲಾಸ್ ಅಂದ್ರೆ ಕಥೆ ಮುಗೀತು, ಸತ್ತೋಯ್ತು ಅಂತ. ಹೆಡ್ ಕ್ಲರ್ಕ್ ಸಾಹೇಬ್ರು ಮುಖ ಸಣ್ಣ ಮಾಡ್ಕೊಂಡು ಹೊಸ ಮಶೀನ್‌ಗೆ ಡಿಮಾಂಡ್ ಟೈಪ್ ಮಾಡಿಸಿ ಸಹಿಗೂ ಕಳಿಸಿದ್ರು. ಅದರ ಕಾಪಿ ತೆಗಿಯೋಕೆ ಇನ್ನೊಂದು ಆಫೀಸಿಗೆ ಹೊರಟ ರನ್ನರ್ ಹುಡುಗ ಸುಮ್ನೆ ಬಟನ್ ಒತ್ತಿ ನೋಡಿದ, ಮಶೀನ್ ಗುರ್ ಅಂತ ಶುರುವಾಗಿ ಮಶೀನ್ ಸತ್ತಿದೆ ಅನ್ನೋ ಲೆಟರನ್ನೇ ಮೂರು ಕಾಪಿ ತೆಗೆದು ಕೊಡ್ತು. ಅಲ್ಲಿ ಖಲಾಸ್ ಅಂದ್ರೆ ಆಯ್ತು, ಕೆಲಸ ಮುಗೀತು ಅಂತ ಅಷ್ಟೇ.

ಅಂಕಿ ಬಗ್ಗೆ ಇನ್ನೂ ಹುಷಾರಾಗಿರಿ. ಅವರ ಐದು ನಮ್ಮ ಕನ್ನಡದ ಸೊನ್ನೆ ಥರ ದುಂಡಗೆ ಇರತ್ತೆ, ಅವರ ಸೊನ್ನೆ ಬರೀ ಒಂದು ಚುಕ್ಕೆ. ರನ್ನರ್ ಹುಡುಗ ಒಂದು ಸಲ ಸ್ಟಾಂಪ್ ಪ್ಯಾಡ್ ತರೋಕೆ ಅಂಗಡಿಗೆ ಹೋದ, ಯಜಮಾನರು ಚೀಟಿ ಮೇಲೆ ಐವತ್ತು ಸಾವಿರ ಲೀರಾ ಅಂತ ಬರೆದು ಕೊಟ್ರು. ಇವನಿಗೆ ಕಂಡಿದ್ದು ಒಂದು ಸೊನ್ನೆ, ಮುಂದೆ ನಾಲ್ಕು ಚುಕ್ಕೆ. ಫ್ರೀ ಕೊಟ್ರು ಅಂತ ಎರಡೂ ಕೈ ಮುಗಿದು, ಎದೆ ಮೇಲೆ ಕೈ ಇಟ್ಟು ಶುಕ್ರನ್ ಶುಕ್ರನ್, ಅಂದ್ರೆ ಥ್ಯಾಂಕ್ಸ್ ಥ್ಯಾಂಕ್ಸ್, ಅಂತ ಹೇಳಿ ಗಾಡಿ ಹತ್ತಿರ ಬಂದುಬಿಟ್ಟ. ಯಜಮಾನರೂ ಎದೆ ಮೇಲೆ ಕೈ ಇಟ್ಟು ವಾಪಸ್ ಮರ್ಯಾದೆ ಮಾಡಿ, ಆಮೇಲೆ ನೆನಪಾಗಿ ಚಪ್ಪಲಿ ಕಾಲಲ್ಲೇ ರಸ್ತೆಗೆ ಓಡಿ ಬಂದ್ರು. ಅವತ್ತಿನಿಂದ ನಮ್ಮ ಹೆಸರಲ್ಲಿ ಒಂದು ಬಾಕಿ ದಫ್ತರ್ ತೆಗೆದ್ರು, ತಿಂಗಳಿಗೊಮ್ಮೆ ಲೆಕ್ಕ.

ತಿಂಗಳಿಗೊಮ್ಮೆ ಲೆಕ್ಕ ಅಂದ್ನಲ್ಲ, ಅದೂ ಸುಲಭ ಇರ್ಲಿಲ್ಲ. 1997ರಿಂದ ಒಂದು ಡಾಲರ್‌ಗೆ 1,507.5 ಲೀರಾ ಅಂತ ಅಲ್ಲಿ ಸರ್ಕಾರ ಕಟ್ಟಿಹಾಕಿತ್ತಂತೆ. 2019ರಿಂದ ಬ್ಯಾಂಕುಗಳು ಕುಸಿದು ಜನರ ಉಳಿತಾಯ ಎಲ್ಲಾ ಸಿಕ್ಕಿಹಾಕ್ಕೊಂಡ ಮೇಲೆ ಆ ರೇಟು ಕಾಗದದಲ್ಲಿ ಮಾತ್ರ ಉಳೀತು. 2023ರ ಫೆಬ್ರವರಿಯಲ್ಲಿ ಅಧಿಕೃತ ರೇಟು 15,000 ಮಾಡಿದ್ರು, ಮಾರ್ಚ್‌ನಲ್ಲಿ ಬಜಾರಿನ ರೇಟು ಲಕ್ಷ ದಾಟ್ತು. ಆಗ ಅಲ್ಲಿನ ದೊಡ್ಡ ನೋಟೇ ಒಂದು ಲಕ್ಷದ್ದಾಗಿತ್ತು. ಬೆಳಿಗ್ಗೆ ಬಿಲ್ ಬರೆದ್ರೆ ಸಂಜೆಗೆ ರೇಟು ಬೇರೆ, ವೋಚರ್ ಪಾಸ್ ಆಗಲ್ಲ. ಅದಕ್ಕೆ ಡಾಲರ್‌ನಲ್ಲೇ ಬಿಲ್ ಬರೆಸಿ, ಅವತ್ತಿನ ರೇಟು ಪಕ್ಕದಲ್ಲಿ ಬರೆಸಿ, ಅಂಗಡಿಯವರ ಸಹಿ ತಗೊಳ್ಳೋ ಪದ್ಧತಿ ಮಾಡಿದ್ವಿ. ನಮಗೆ ಇದು ವೋಚರ್ ಕಷ್ಟ. ಆ ಯಜಮಾನರಿಗೆ ಜೀವಮಾನದ ದುಡಿಮೆ. ಮೂವತ್ತು ವರ್ಷ ಕೂಡಿಟ್ಟಿದ್ದು ಈಗ ಒಂದು ಫ್ರಿಜ್‌ಗೂ ಸಾಲಲ್ಲ ಅಂತ ಒಂದು ದಿನ ದುಭಾಷಿ ಮೂಲಕ ಹೇಳಿದ್ರು, ಹೇಳಿ ನಮಗೇ ಕಾಫಿ ತರಿಸಿದ್ರು.

ಅದೇ ಫೆಬ್ರವರಿ 6ನೇ ತಾರೀಖು ಬೆಳಗಿನ ಜಾವ 3:17ಕ್ಕೆ ಟರ್ಕಿಯಲ್ಲಿ 7.8ರ ಭೂಕಂಪ ಆಯ್ತಲ್ಲ, ಅದು ನಮಗೂ ತಟ್ಟಿತು. ಮಂಚ ತೊಟ್ಟಿಲ ಥರ ಆಡ್ತು. ಎಲ್ಲರೂ ಕಂಬಳಿ ಸುತ್ಕೊಂಡು ಹೊರಗೆ ಓಡಿ ಬಂದು ಚಳಿಯಲ್ಲಿ ನಿಂತ್ವಿ, ಕೆಲವರ ಕಾಲಲ್ಲಿ ಚಪ್ಪಲಿ ಇಲ್ಲ. ರನ್ನರ್ ಹುಡುಗ ಮಾತ್ರ ಏನೋ ಒಂದನ್ನ ಮಗು ಥರ ಕಂಬಳಿಯಲ್ಲಿ ಸುತ್ತಿ ಎದೆಗೆ ಅಪ್ಪಿಕೊಂಡು ನಿಂತಿದ್ದಾನೆ. ಹೆಡ್ ಕ್ಲರ್ಕ್ ಸಾಹೇಬ್ರು ಟಾರ್ಚ್ ಬಿಟ್ಟು ನೋಡಿದ್ರೆ ಆಫೀಸಿನ ರೌಂಡ್ ಸ್ಟಾಂಪ್ ಡಬ್ಬಿ! ಇದನ್ಯಾಕೋ ತಂದೆ ಅಂದ್ರೆ, "ಸಾಬ್, ಇದು ಒಳಗ ಸಿಕ್ಕೊಂಡ್ರ ನಾಳೆ ಯಾರಿಗೂ ರಜಾ ಸಿಗಂಗಿಲ್ಲ" ಅಂದ. ರಜಕ್ಕೆ ಹೋಗೋ ಲಿಸ್ಟ್‌ನಲ್ಲಿದ್ದ ಹನ್ನೊಂದು ಜನ ಅವನನ್ನ ಅಲ್ಲೇ ಎತ್ತಿಕೊಂಡ್ರು.

ನಗು ಒಂದು ಕಡೆ, ಅವನು ಮಾಡಿದ್ದು ಸರಿ ಅಂತ ಬೆಳಿಗ್ಗೆ ಎಲ್ಲರಿಗೂ ಅನ್ನಿಸ್ತು. ಅವತ್ತೇ ಒಂದು ಹಸಿರು ಚೀಲ ರೆಡಿ ಮಾಡಿದ್ವಿ. ಅದರಲ್ಲಿ ಸ್ಟಾಂಪ್, ಟಾರ್ಚ್, ಎರಡು ಪೆನ್ನು, ಬ್ಲಡ್ ಗ್ರೂಪ್ ಸಮೇತ ಎಲ್ಲರ ನಾಮಿನಲ್ ರೋಲ್ ಪ್ರಿಂಟ್, ಒಂದು ಪೆನ್ ಡ್ರೈವ್. ಬಾಗಿಲ ಪಕ್ಕ ಮೊಳೆಗೆ ನೇತು ಹಾಕಿ, ಪ್ರತಿ ಸೋಮವಾರ ರೋಲ್ ಹೊಸದು ಇಡೋದು. ನೀವೂ ಹೋದ ಮೊದಲ ದಿನಾನೇ ಇದನ್ನ ಮಾಡಿ, ಭೂಕಂಪಕ್ಕೆ ಕಾಯಬೇಡಿ.

ಕುರಿ ಮೇಕೆ ಕಥೆ ಹೇಳದೆ ಇರಕ್ಕಾಗಲ್ಲ. ನಮ್ಮ ಬೆಟಾಲಿಯನ್ ಜೊತೆ ಪಶುವೈದ್ಯರೂ ಇರ್ತಾರೆ, ಹಳ್ಳಿ ಹಳ್ಳಿಗೆ ಹೋಗಿ ಅಲ್ಲಿನ ದನ, ಕುರಿ, ಮೇಕೆ ನೋಡ್ತಾರೆ, ಜನಕ್ಕೆ ಬಹಳ ಪ್ರೀತಿ. ಅದರ ಲೆಕ್ಕನೂ ದಿನದ ರಿಪೋರ್ಟ್‌ನಲ್ಲಿ ಹೋಗತ್ತೆ. ಒಂದು ಸಂಜೆ ಎಕ್ಸೆಲ್‌ನಲ್ಲಿ ಒಂದು ಸಾಲು ಮೇಲೆ ಸರಿದು, ಹೊಟ್ಟೆಹುಳಕ್ಕೆ ಔಷಧಿ ಕುಡಿಸಿದ 38 ಮೇಕೆಗಳು ಸೀದಾ "ಅನಾರೋಗ್ಯದಲ್ಲಿರುವ ಸಿಬ್ಬಂದಿ" ಕಾಲಂಗೆ ಹೋಗಿ ಕೂತವು. ಅರ್ಧ ಗಂಟೆಯಲ್ಲಿ ಮೇಲಿನಿಂದ ಫೋನ್. ಬೇರೆ ದೇಶದ ಆಫೀಸರ್, ಗಾಬರಿಯಲ್ಲಿದ್ದಾರೆ, ಒಂದೇ ದಿನ 38 ಜನಕ್ಕೆ ಹೊಟ್ಟೆಹುಳನಾ ಅಂತ. ಡ್ಯೂಟಿಯಲ್ಲಿದ್ದ ಹುಡುಗನ ತಲೆಯಲ್ಲಿ ಮೇಕೆಗಳೇ ಇದ್ದವು, ಅವನೇ ಹಳ್ಳಿಗೆ ಹೋಗಿ ಅವುಗಳ ಕಾಲು ಹಿಡಿದಿದ್ದವನು. ಸ್ಪೀಕರ್‌ನಲ್ಲಿ ನಾವೆಲ್ಲಾ ಕೇಳ್ತಿದ್ವಿ.

ಈಗ ಅವರೆಲ್ಲಾ ಎಲ್ಲಿದ್ದಾರೆ? ಬೆಟ್ಟಕ್ಕೆ ವಾಪಸ್ ಹೋದ್ರು ಸರ್. ಯಾರ ಜೊತೆ? ಮಾಲೀಕನ ಜೊತೆ ಸರ್. ಪ್ರತ್ಯೇಕ ಇಡಲಿಲ್ವಾ? ಇಲ್ಲ ಸರ್, ಎಲ್ಲಾ ಒಂದೇ ಕೊಟ್ಟಿಗೆ. ಔಷಧಿ ಹೇಗೆ ಕೊಟ್ರಿ? ಇಬ್ಬರು ಹಿಡ್ಕೊಂಡು ಬಾಯಿ ತೆಗೆಸಿ ಸರ್, ಒದೀತಾರೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಬಹಳ ಮೆತ್ತಗೆ ಒಂದು ಪ್ರಶ್ನೆ, ನಿಮ್ಮ ಕಮಾಂಡಿಂಗ್ ಆಫೀಸರ್‌ಗೆ ಇದು ಗೊತ್ತಾ? ಅಷ್ಟರಲ್ಲಿ ಹೆಡ್ ಕ್ಲರ್ಕ್ ಸಾಹೇಬ್ರು ಫೋನ್ ಕಿತ್ಕೊಂಡು ವಿಷಯ ಹೇಳಿದ್ರು, ಆ ಆಫೀಸರ್ ನಕ್ಕ ಸದ್ದು ನಮ್ಮ ಕೋಣೆ ತುಂಬಿತು. ಮಾರನೇ ದಿನ ಕಾಲಂಗಳನ್ನ ಲಾಕ್ ಮಾಡಿದ್ವಿ. ಫಾರ್ಮ್ಯಾಟ್ ಬಂದ ದಿನವೇ ಲಾಕ್ ಮಾಡಿ, ಯಾವ ಖಾನೆಗೆ ಟೈಪ್ ಮಾಡಬೇಕೋ ಅದೊಂದನ್ನೇ ಬಿಡಿ.

ಮಾರ್ಚ್ ಕೊನೆಗೆ ಗಡಿಯಾರದ ಗಲಾಟೆ. ಅಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿಡೋ ಪದ್ಧತಿ. 2023ರಲ್ಲಿ ರಂಜಾನ್ ಇದೆ ಅಂತ ಸರ್ಕಾರ ಎರಡು ದಿನ ಮುಂಚೆ ಈ ಸಲ ಮುಂದಿಡೋದು ಏಪ್ರಿಲ್‌ನಲ್ಲಿ ಅಂತ ಹೇಳಿಬಿಡ್ತು. ಚರ್ಚು, ಕೆಲವು ಟಿವಿ, ಶಾಲೆಗಳು ನಾವು ಮಾಮೂಲಿ ದಿನಾನೇ ಮುಂದಿಡ್ತೀವಿ ಅಂದ್ರು, ಒಂದಷ್ಟು ಜನರ ಮೊಬೈಲ್‌ಗಳು ಯಾರ ಮಾತೂ ಕೇಳದೆ ತಾವೇ ಮುಂದೆ ಹೋದವು. ನಾಲ್ಕು ದಿನ ಒಂದೇ ದೇಶದಲ್ಲಿ ಎರಡು ಟೈಮ್. ಫೌಜಿನಲ್ಲಿ ಎಲ್ಲಿಯ ಟೈಮ್ ಅಂತ ಗೊತ್ತಾಗೋಕೆ ಟೈಮ್ ಜೊತೆ ಅಕ್ಷರ ಬರೀತೀವಿ, ಅಲ್ಲಿ ಚಳಿಗಾಲಕ್ಕೆ ಬಿ, ಅಂದ್ರೆ ಬ್ರಾವೋ, ಬೇಸಿಗೆಗೆ ಸಿ, ಅಂದ್ರೆ ಚಾರ್ಲಿ. ನಮ್ಮ ಇಬ್ಬರು ದುಭಾಷಿಗಳು ಬೇರೆ ಬೇರೆ ಊರಿನವರು, ಒಬ್ಬರು ಬ್ರಾವೋ ಪ್ರಕಾರ ಬಂದ್ರು, ಒಬ್ಬರು ಚಾರ್ಲಿ ಪ್ರಕಾರ ಬಂದ್ರು, ಇಬ್ಬರೂ ಸರಿಯಾಗಿ ಎಂಟಕ್ಕೇ ಬಂದಿದ್ದೀನಿ ಅಂತ ಹಾಜರಿ ಬುಕ್‌ನಲ್ಲಿ ಸಹಿ ಹಾಕಿದ್ರು. ಹೆಡ್ ಕ್ಲರ್ಕ್ ಸಾಹೇಬ್ರು ಗೋಡೆಗೆ ಮೂರು ಗಡಿಯಾರ ಹೊಡೆಸಿದ್ರು, ಬ್ರಾವೋ, ಚಾರ್ಲಿ, ಭಾರತ. ಕಾಗದದ ಮೇಲೆ ಮಾತ್ರ ಎಲ್ಲಾ ಜುಲು ಟೈಮ್, ಅಂದ್ರೆ ಗ್ರೀನಿಚ್ ಟೈಮ್, ಬರೀರಿ, ಅದನ್ನ ಯಾರೂ ಬದಲಾಯಿಸಕ್ಕಾಗಲ್ಲ ಅಂದ್ರು. ಅವತ್ತು ಸಂಜೆ ರನ್ನರ್ ಹುಡುಗ ಮನೆಗೆ ಫೋನ್ ಹಚ್ಚಿದ, ಈಗ ನಿಮ್ಮಲ್ಲಿ ಎಷ್ಟು ಗಂಟೆ ಅಂತ ಅವರಪ್ಪ ಕೇಳಿದ್ರು. "ಯಾರ ಪ್ರಕಾರ ಅಪ್ಪಾ?" ಅಂದ. ಬಸ್ಸಿನ ಟೈಮ್ ಮೇಲೆ ಜೀವನ ಕಳೆದ ಮನುಷ್ಯ, ಮಗನಿಗೆ ಏನೋ ಆಗಿದೆ ಅಂತ ಹೆದರಿ ನನ್ನ ನಂಬರ್‌ಗೆ ಫೋನ್ ಮಾಡಿದ್ರು. 30ನೇ ತಾರೀಖಿಂದ ದೇಶಕ್ಕೆಲ್ಲಾ ಚಾರ್ಲಿ ಅಂತ ತೀರ್ಮಾನ ಆಗಿ ಒಂದು ಗಡಿಯಾರ ಇಳಿಸಿದ್ವಿ.

ಯುಎನ್ ಮೆಡಲ್ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಮಿಷನ್‌ನಲ್ಲಿ 90 ದಿನ ಪೂರ್ತಿ ಆಗಿರಬೇಕು. ಮೊದಲ ಬ್ಯಾಚು, ಎರಡನೇ ಬ್ಯಾಚು ಅಂತ ಬೇರೆ ಬೇರೆ ದಿನ ಬಂದಿರ್ತಾರೆ, ಅದಕ್ಕೆ ಪ್ರತಿಯೊಬ್ಬರದ್ದೂ ಇಳಿದ ದಿನಾಂಕ ಸಾಕ್ಷಿ ಸಮೇತ ಇಟ್ಕೊಳ್ಳಿ. ನನ್ನ ನಾಲ್ಕು ತಿಂಗಳ ಓಡಾಟದ ಬೀಜ ಇರೋದು ಇಲ್ಲೇ. ಇನ್ನು ದುಡ್ಡಿನ ವಿಷಯ, ಯುಎನ್ ಕಡೆಯಿಂದ ಸೈನಿಕನ ಕೈಗೆ ಬರೋ ದಿನಭತ್ಯೆ 1.28 ಡಾಲರ್, ಊರಲ್ಲಿ ಜನ ಹೇಳೋ ಲೆಕ್ಕ ನಂಬಿ ಮನೆ ಪಾಯ ಹಾಕಿಸ್ಬೇಡಿ.

ಅದೇ 2023ರ ಅಕ್ಟೋಬರ್ 8ರಿಂದ ನಗು ಕಮ್ಮಿ ಆಯ್ತು. ಬ್ಲೂ ಲೈನ್, ಅಂದ್ರೆ ಲೆಬನಾನ್ ಇಸ್ರೇಲ್ ನಡುವೆ ಯುಎನ್ ಗುರುತು ಮಾಡಿರೋ ಗೆರೆ, ಅದರ ಆಚೆ ಈಚೆ ಫೈರಿಂಗ್ ಶುರುವಾಯ್ತು, ನೀಲಿ ಪೀಪಾಯಿಗಳ ಸಾಲಿನ ಪಕ್ಕ ನಾವು ಗಸ್ತು ಹೋಗ್ತಿದ್ದ ರಸ್ತೆಗಳ ಮೇಲೆಲ್ಲಾ ಹೊಗೆ. ಅಲಾರಂ ಆದ್ರೆ ಎಲ್ಲರೂ ಶೆಲ್ಟರ್‌ಗೆ. ಮೊದಲ ರಾತ್ರಿ ನನಗೆ ನೆನಪಿರೋದು ಹೀಗೆ. ಕಾಂಕ್ರೀಟ್ ಗೋಡೆ, ಒಂದು ಬಲ್ಬು, ಅದೂ ಮಿಣುಕ್ತಿದೆ, ಬೆವರಿನ ವಾಸನೆ, ಹೊರಗೆ ದೂರದಲ್ಲಿ ಧಡ್ ಅಂತ ಒಂದು ಸದ್ದು, ಮೇಲಿಂದ ಸಣ್ಣ ಮಣ್ಣು ಕಾಗದದ ಮೇಲೆ ಉದುರತ್ತೆ. ಹಸಿರು ಚೀಲ ಹೆಗಲಿಗೆ ಹಾಕ್ಕೊಂಡು ಬಂದಿದ್ದ ಹುಡುಗ ಟಾರ್ಚ್ ಹಿಡಿದ, ನಾನು ರೋಲ್ ಕರೆದೆ. ನಮ್ಮ ಜೊತೆ ಆ ಹೊತ್ತಿಗೆ ಕ್ಯಾಂಪಲ್ಲಿದ್ದ ಬೇರೆ ದೇಶದ ಇಬ್ಬರು, ಒಬ್ಬ ದುಭಾಷಿ ಕೂಡ ಇದ್ರು. ಒಂದೊಂದು ಹೆಸರಿಗೆ ಒಂದೊಂದು ದನಿ, ಹಾಜಿರ್ ಸಾಬ್, ಹಾಜಿರ್ ಸಾಬ್. ನಾನು ಅಷ್ಟು ವರ್ಷ ಎಷ್ಟು ಸಾವಿರ ಸಲ ರೋಲ್ ಟೈಪ್ ಮಾಡಿದ್ದೀನೋ, ಅವತ್ತು ಒಂದೊಂದು ಹೆಸರಿಗೂ ಎದೆ ಹಿಡ್ಕೊಂಡು ಕಾದೆ. ಒಂದು ಹೆಸರಿಗೆ ಉತ್ತರ ಬರ್ಲಿಲ್ಲ. ಎರಡನೇ ಸಲ ಕರೆದೆ, ಇಲ್ಲ. ಎಲ್ಲರ ಮುಖ ಬಿಳಿಚ್ಕೊಳ್ತು. ಆಗ ಜೊತೆಗಿದ್ದ ವಿದೇಶಿ ಸೈನಿಕ ಟಾರ್ಚ್ ಹಿಡಿದಿದ್ದ ನಮ್ಮ ಹುಡುಗನ ಕಡೆ ತಿರುಗಿ ಅವರಪ್ಪನ ಹೆಸರು ಹಿಡಿದು ಕರೆದು, ನಿನ್ನನ್ನೇ ಕರೀತಿದ್ದಾರೆ ಅಂದ. ಹುಡುಗ ಎಲ್ಲರ ಮುಖ ನೋಡೋದ್ರಲ್ಲಿ ತನ್ನ ಹೆಸರೇ ಕೇಳಿಸ್ಕೊಂಡಿರ್ಲಿಲ್ಲ, ಅಪ್ಪನ ಹೆಸರು ಕಿವಿಗೆ ಬಿದ್ದ ತಕ್ಷಣ "ಹಾಜಿರ್ ಸಾಬ್!" ಅಂತ ಕೂಗಿದ ಕೂಗಿಗೆ ಟಾರ್ಚ್ ಕೈ ತಪ್ಪಿ ಬಿತ್ತು. ಇಡೀ ಶೆಲ್ಟರ್ ನಕ್ತು. ಹೊರಗೆ ಇನ್ನೂ ಸದ್ದು ನಡೀತಿತ್ತು, ಒಳಗೆ ನಾವು ಕಣ್ಣೊರೆಸ್ಕೊಂಡು ನಗ್ತಿದ್ವಿ. ರೋಲ್ ಪೂರ್ತಿ ಕೂಡಿತು.

ವಾಪಸ್ ಬರೋ ಹೊತ್ತಿಗೆ ಹೊಸ ಬೆಟಾಲಿಯನ್‌ಗೆ ಹ್ಯಾಂಡಿಂಗ್ ಟೇಕಿಂಗ್, ಮತ್ತೆ ಎಣಿಕೆ, ಮತ್ತೆ ಹಾರ್ಮೋನಿಯಂ. ನಿಮ್ಮ ಫಾರಿನ್ ಸರ್ವೀಸ್‌ನ ಶುರು, ಕೊನೆ ದಿನಾಂಕ, ಮೆಡಲ್ ಎಂಟ್ರಿ, ಎರಡರ ಪಾರ್ಟ್ ಟೂ ಆರ್ಡರ್ ನಂಬರ್ ಬರೆದ ಒಂದು ಕಾಪಿ ನಿಮ್ಮ ಸ್ವಂತ ಪೆಟ್ಟಿಗೆಯಲ್ಲಿ ಇಟ್ಕೊಂಡೇ ವಿಮಾನ ಹತ್ತಿ. ಹೊರಟ ದಿನ ಬೇರೆ, ಇಳಿದ ದಿನ ಬೇರೆ ಇದ್ರೆ ಎರಡನ್ನೂ ಬರೆಸಿ.

ಮರ್ಜಯೂನ್ ಅಂಗಡಿ ಅಕ್ಟೋಬರ್‌ನಿಂದ ಮುಚ್ಚಿತ್ತು. ಯಜಮಾನರು ಮಗಳ ಮನೆಗೆ ಬೈರೂತ್‌ಗೆ ಹೋಗಿದ್ದಾರೆ ಅಂತ ಪಕ್ಕದವರು ಅಂದ್ರು. ನಮ್ಮದು ಅಲ್ಲಿ ಎರಡು ಬಂಡಲ್ ಎ4 ಪೇಪರ್ ಬಾಕಿ ಇತ್ತು, ಒಂಬತ್ತು ಡಾಲರ್. ಹತ್ತು ಡಾಲರ್ ನೋಟು ಒಂದು ಕವರಲ್ಲಿ ಹಾಕಿ, ಹ್ಯಾಂಡಿಂಗ್ ಲಿಸ್ಟ್‌ನ ಕೊನೇ ಸಾಲಲ್ಲಿ "ಬಾಕಿ, ಎರಡು ಬಂಡಲ್" ಅಂತ ಟೈಪ್ ಮಾಡಿ, ಹೊಸ ಕ್ಲರ್ಕ್ ಕೈಲಿ ಸಹಿ ಮಾಡಿಸ್ಕೊಂಡೆ. ಅವನು ಒಳ್ಳೇ ಹುಡುಗ, ಮರೀಲಿಲ್ಲ. ಯಜಮಾನರು ಸಾಮಾನು ತಗೊಂಡು ಹೋಗೋಕೆ ಒಂದು ದಿನ ಬಂದಾಗ ಹಿಡಿದು ಕೊಟ್ಟನಂತೆ. ಅವರು ದಫ್ತರ್ ತೆಗೆದು ನಮ್ಮ ಪುಟದ ಮೇಲೆ ಗೀಟು ಎಳೆದು, ಚಿಲ್ಲರೆ ಅಂತ ಒಂದು ಲಕ್ಷ ಲೀರಾದ ನೋಟು ಕೊಟ್ಟು ಕಳಿಸಿದ್ರು. ಆ ನೋಟು ಈಗ ನನ್ನ ಡಿಸ್ಚಾರ್ಜ್ ಬುಕ್ ಒಳಗಿದೆ, ಅರಬ್ಬಿ ಬರೆದಿರೋ ಬದಿ ಮೇಲೆ ಮಾಡಿ ಇಟ್ಟಿದ್ದೀನಿ.